ರೆಕ್ಕೆ ಬಿಚ್ಚಿ ರೈಲು ಹತ್ತುವ ಮುನ್ನ

ಕೇಳುಗರಿಗೆ ನಮಸ್ಕಾರ.

ರಿಮೋಟ್ ಗ್ಲೈಡರ್, ಅಂದರೆ ರಿಮೋಟಿನಿಂದ ಹಾರಿಸುವ ಪುಟ್ಟ ಮಾದರಿ ವಿಮಾನ ಹಿಡಿದು ಕಲಬುರಗಿಯಿಂದ ರೈಲು ಹತ್ತುವವರಿಗೆಲ್ಲ ರೆಕ್ಕೆಯದೇ ಚಿಂತೆ. ಆದರೆ ದಾರಿಯಲ್ಲಿ ಮೊದಲು ಕೆಡುವುದು ಸರ್ವೊ. ರೆಕ್ಕೆಯ ಹಿಂದಿನ ಏಲೆರಾನ್ ಪಟ್ಟಿಯನ್ನು ಎತ್ತಿ ಇಳಿಸುವ ಪುಟ್ಟ ಮೋಟಾರು ಅದು. ಅಗ್ಗದ ಸರ್ವೊಗಳಲ್ಲಿ ಗೇರು ಪ್ಲಾಸ್ಟಿಕ್ಕಿನದು, ಹಲ್ಲು ತೀರಾ ಸಣ್ಣ. ಪೆಟ್ಟಿಗೆಯ ಮುಚ್ಚಳ ಆ ಪಟ್ಟಿಯನ್ನು ಒತ್ತಿತೋ, ಹಲ್ಲು ಹೋಯಿತು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಮೈದಾನದಲ್ಲಿ ಸ್ವಿಚ್ ಹಾಕಿದಾಗ ಕಿರ್ರ್ ಅನ್ನುತ್ತದೆ, ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕಟ್ಟುವ ಮೊದಲು ಸರ್ವೊಗೂ ಪಟ್ಟಿಗೂ ನಡುವೆ ಇರುವ, ಪಟ್ಟಿಯನ್ನು ತಳ್ಳಿ ಎಳೆಯುವ ಗಟ್ಟಿ ತಂತಿ ಕಳಚಿಬಿಡಿ. ಯಾವ ತೂತಿನಲ್ಲಿತ್ತು ಅಂತ ಪೆನ್ನಿನಿಂದ ಗುರುತು ಹಾಕಿ.

ಇನ್ನು ರೆಕ್ಕೆ. ಶಹಾಬಾದಿನ ಫರ್ಸಿ ಕಲ್ಲನ್ನು ಲಾರಿಗೆ ಹೇಗೆ ಹೇರುತ್ತಾರೆ, ನೋಡಿದ್ದೀರಲ್ವಾ? ಮಲಗಿಸುವುದಿಲ್ಲ, ನಿಲ್ಲಿಸುತ್ತಾರೆ. ರೆಕ್ಕೆಯನ್ನೂ ಹಾಗೇ ನಿಲ್ಲಿಸಿ. ದಪ್ಪನೆಯ ಮುಂದಿನ ಅಂಚು ಕೆಳಗೆ, ತೆಳ್ಳನೆಯ ಹಿಂದಿನ ಅಂಚು ಮೇಲೆ. ಅದರ ಮೇಲೆ ಎರಡು ಬೆರಳು ಜಾಗ ಬಿಡಿ. ಎರಡು ಮೀಟರ್ ರೆಕ್ಕೆ ನಡುವೆ ಬಿಚ್ಚಿದರೆ ಒಂದೊಂದು ಮೀಟರ್. ಪೆಟ್ಟಿಗೆ 110 ಸೆಂ.ಮೀ. ಉದ್ದ, 20 ಅಗಲ, 25 ಎತ್ತರ ಇರಲಿ. ಕೂಡಿಸಿದರೆ 155. ಮುಂದೆಂದಾದರೂ ವಿಮಾನ ಹತ್ತಿದರೂ ಬಹಳಷ್ಟು ಕಂಪನಿಗಳ 158 ಸೆಂ.ಮೀ. ಮಿತಿಯೊಳಗೇ ಬರುತ್ತದೆ. ರೆಕ್ಕೆಗಳನ್ನು ಸೇರಿಸುವ ಕಾರ್ಬನ್ ಕಡ್ಡಿಯನ್ನು ಗ್ಲೈಡರಿನ ಮೈಗೇ ಟೇಪ್ ಹಾಕಿ ಅಂಟಿಸಿ. ಮನೆಯಲ್ಲಿ ಮರೆತು ಬರುವುದು ಯಾವಾಗಲೂ ಅದನ್ನೇ!

ನಮ್ಮ ಮೇ ತಿಂಗಳ ಬಿಸಿಲಿಗೆ ಬಬಲ್ ಶೀಟ್ ನೇರವಾಗಿ ಸುತ್ತಿದರೆ ಫೋಮಿನ ರೆಕ್ಕೆಯ ಮೇಲೆ ಗುಳ್ಳೆಯ ಗುರುತು ಬೀಳುತ್ತದೆ. ನನ್ನ ಕೇಳಿದರೆ ಹಳೇ ಕೌದಿಯೇ ಜಾಸ್ತಿ ವಾಸಿ. ಬಾಗಿಲು ಮುಚ್ಚಿದ ಕಾರಿನಲ್ಲಿ ಗ್ಲೈಡರ್ ಬಿಟ್ಟು ಊಟಕ್ಕೆ ಹೋಗಬೇಡಿ. ಹೊದಿಕೆಯ ಫಿಲ್ಮ್ ಸುಕ್ಕಾಗುತ್ತದೆ, ರೆಕ್ಕೆ ತಿರುಚಿಕೊಳ್ಳಲೂಬಹುದು.

ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಪೂರ್ತಿ ತುಂಬಿಸಿ ಒಯ್ಯಬೇಡಿ, ಸೆಲ್‌ಗೆ 3.8 ವೋಲ್ಟ್ ಸಾಕು. ವಿಮಾನದಲ್ಲಾದರೆ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಸುತ್ತಿರಬೇಕು. 100 ವಾಟ್ ಅವರ್‌ವರೆಗೆ ತಕರಾರಿಲ್ಲ. ಮೂರು ಸೆಲ್ಲಿನ 2200 ಎಂಎಎಚ್ ಬ್ಯಾಟರಿ ಸುಮಾರು 24 ವಾಟ್ ಅವರ್ ಆಗುತ್ತದೆ, ಅಷ್ಟೇ.

ತಲುಪಿದ ಮೇಲೆ ಎಲ್ಲ ಜೋಡಿಸಿ, ರಿಮೋಟಿನ ಕಡ್ಡಿ ಎಡಕ್ಕೆ ತಳ್ಳಿದರೆ ಪಟ್ಟಿಗಳು ಸರಿಯಾದ ಕಡೆಗೇ ತಿರುಗುತ್ತವೆಯೇ ಅಂತ ನೋಡಿಯೇ ಗ್ಲೈಡರನ್ನು ಗಾಳಿಗೆ ಎಸೆಯಿರಿ. ಬೀದರ್ ಕಡೆ ಹೊರಟವರಿಗೆ ಇನ್ನೊಂದು ಮಾತು. ಅಲ್ಲಿ ವಾಯುಪಡೆಯ ನೆಲೆ ಇದೆ. ಅದರ ಸುತ್ತ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಪೆಟ್ಟಿಗೆ ಕಟ್ಟುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.

ನಮಸ್ಕಾರ.