ನೇಪಾಳಕ್ಕೆ ಹೊರಟವರಿಗೆ ಒಂದು ಖಾಲಿ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಹಿರಿಯರನ್ನು ಕರೆದುಕೊಂಡು ನೇಪಾಳ ಯಾತ್ರೆಗೆ ಹೋಗುವುದು ನನ್ನ ಕೆಲಸ. ಹೊರಡುವ ಮೊದಲು ಜನ ನನ್ನನ್ನು ಕೇಳುವುದು ಬಹುತೇಕ ಒಂದೇ ಪ್ರಶ್ನೆ. "ಮೇಡಂ, ಐದು ದಿನದಲ್ಲಿ ಪಶುಪತಿನಾಥ, ಪೋಖರಾ, ಮುಕ್ತಿನಾಥ, ಲುಂಬಿನಿ ಎಲ್ಲ ಮುಗಿಸಬಹುದಲ್ವಾ?" ಕಾಗದದ ಮೇಲೆ ಖಂಡಿತ ಮುಗಿಸಬಹುದು. ಕಾಗದದ ಮೇಲೆ ಗುಡ್ಡ ಕುಸಿಯುವುದಿಲ್ಲ, ಗಾಳಿ ಬೀಸುವುದಿಲ್ಲ. ನೇಪಾಳದಲ್ಲಿ ಎರಡೂ ಆಗುತ್ತವೆ.

ಹಾಗಾಗಿ ಇವತ್ತು ನಾನು ಹೇಳುವ ಮಾತು ಒಂದೇ. ನಿಮ್ಮ ಪ್ರವಾಸಕ್ಕೆ ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕಿದ್ದೀರೋ, ಅದರ ಮೇಲೆ ಒಂದು ಖಾಲಿ ದಿನ ಇಟ್ಟುಕೊಳ್ಳಿ. ಆ ದಿನಕ್ಕೆ ದೇವಸ್ಥಾನ ಬೇಡ, ಶಾಪಿಂಗ್ ಬೇಡ, ಏನೂ ಬೇಡ. ಸುಮ್ನೆ ಇರಲಿ.

ಮೊದಲು ಕಾಗದಪತ್ರ ಮುಗಿಸಿಬಿಡೋಣ. ನಮಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವೀಸಾ ಬೇಡ ಅಂದರೆ ಗುರುತಿನ ಚೀಟಿಯೂ ಬೇಡ ಅಂತ ಅಲ್ಲ. ವಿಮಾನದಲ್ಲಿ ಹೋಗುವವರ ಹತ್ತಿರ ಪಾಸ್‌ಪೋರ್ಟ್ ಇರಬೇಕು, ಇಲ್ಲದಿದ್ದರೆ ಚುನಾವಣಾ ಆಯೋಗದ ವೋಟರ್ ಐಡಿ. ಆಧಾರ್ ಸಾಕಾಗುವುದು 15 ವರ್ಷದೊಳಗಿನ ಮಕ್ಕಳಿಗೆ ಮತ್ತು 65 ದಾಟಿದ ಹಿರಿಯರಿಗೆ ಮಾತ್ರ. 64ರ ಯಜಮಾನರು ಆಧಾರ್ ಹಿಡಿದುಕೊಂಡು ವಿಮಾನ ನಿಲ್ದಾಣದ ಕೌಂಟರಿನಲ್ಲಿ ವಾದಕ್ಕೆ ನಿಲ್ಲುವುದನ್ನು ನೋಡಿ ನನಗೆ ಸಾಕಾಗಿದೆ. ಅಲ್ಲಿ ಕೂತಿರುವ ಹುಡುಗಿ ಏನು ಮಾಡಬೇಕು ಹೇಳಿ? ವೋಟರ್ ಐಡಿ ಇಟ್ಟುಕೊಂಡು ಹೋಗಿ, ಮುಗಿಯಿತು.

ಇನ್ನು ದುಡ್ಡು. ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ. 1993ರಿಂದ ಇದೇ ದರ, ಏರಿಲ್ಲ, ಇಳಿದಿಲ್ಲ. ನಮ್ಮ 100ರ ನೋಟನ್ನು ಚಹಾ ಅಂಗಡಿಯಿಂದ ಹಿಡಿದು ಜೀಪಿನವರವರೆಗೆ ಎಲ್ಲರೂ ತೆಗೆದುಕೊಳ್ಳುತ್ತಾರೆ. ಅದಕ್ಕೇ ಹೊರಡುವ ಮುಂಚೆ ಬ್ಯಾಂಕಿಗೆ ಹೋಗಿ 100ರ ಕಟ್ಟು ಮಾಡಿಸಿಕೊಳ್ಳಿ. ದೊಡ್ಡ ನೋಟನ್ನು ನಂಬಿಕೊಳ್ಳಬೇಡಿ. 2024ರಿಂದ ಅನೇಕ ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ. ಆದರೆ ಬೆಟ್ಟದ ಮೇಲೆ ನೆಟ್‌ವರ್ಕ್ ಇಲ್ಲದ ಕಡೆ ಫೋನು ಹಿಡಿದುಕೊಂಡು ಏನು ಮಾಡುತ್ತೀರಿ? ಇನ್ನೊಂದು, ಅಂಗಡಿಯವರು ಬೆಲೆ ಹೇಳಿದ ಕೂಡಲೇ "ಐಸಿಯಾ, ಎನ್‌ಸಿಯಾ?" ಅಂತ ಕೇಳಿ. ಐಸಿ ಅಂದರೆ ನಮ್ಮ ರೂಪಾಯಿ, ಎನ್‌ಸಿ ಅಂದರೆ ಅವರದ್ದು. ಇದನ್ನು ಕೇಳದೆ ಶಾಲು ಕೊಂಡವರು ರಾತ್ರಿ ಹೋಟೆಲಿನಲ್ಲಿ ಕೂತು ಲೆಕ್ಕ ಹಾಕಿ ಬೇಜಾರು ಮಾಡಿಕೊಳ್ಳುತ್ತಾರೆ.

ಈಗ ಮುಕ್ತಿನಾಥಕ್ಕೆ ಬರುತ್ತೇನೆ. ನಮ್ಮವರಲ್ಲಿ ಅದಕ್ಕಾಗಿಯೇ ನೇಪಾಳಕ್ಕೆ ಹೋಗುವವರು ಜಾಸ್ತಿ. ಮನೆಯಲ್ಲಿ ಪೂಜೆ ಮಾಡುವ ಸಾಲಿಗ್ರಾಮ ಅಲ್ಲಿನ ಕಾಳಿ ಗಂಡಕಿ ನದಿಯದು. ಆ ನದಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವ ಆಸೆ ಉಡುಪಿ ಕಡೆಯ ಹಿರಿಯರಲ್ಲಿ ಎಷ್ಟಿದೆ ಅಂತ ನನಗೆ ಗೊತ್ತು.

ಪೋಖರಾ ಇರುವುದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ. ಅಲ್ಲಿಂದ ಜೋಮ್ಸೋಮ್‌ಗೆ ಚಿಕ್ಕ ವಿಮಾನ. ನಮ್ಮೂರಿನ ಮಿನಿ ಬಸ್ಸಿಗೆ ರೆಕ್ಕೆ ಕಟ್ಟಿದ ಹಾಗಿರುತ್ತದೆ. ಇಪ್ಪತ್ತು, ಇಪ್ಪತ್ತೈದು ನಿಮಿಷದ ಹಾರಾಟ. ಒಂದು ಕಡೆ ಅನ್ನಪೂರ್ಣ, ಇನ್ನೊಂದು ಕಡೆ ಧವಳಗಿರಿ, ಎರಡೂ 8,000 ಮೀಟರ್ ದಾಟಿದ ಶಿಖರಗಳು. ವಿಮಾನ ಹೋಗುವುದು ಅವುಗಳ ನಡುವಿನ ಕಣಿವೆಯಲ್ಲಿ. ಜೋಮ್ಸೋಮ್ 2,700 ಮೀಟರ್. ಅಲ್ಲಿಂದ ಜೀಪಿನಲ್ಲಿ ಮುಕ್ತಿನಾಥ, 3,700 ಮೀಟರಿಗಿಂತ ಮೇಲೆ.

ಆ ವಿಮಾನ ಹಾರುವುದು ಬೆಳಗ್ಗೆ ಮಾತ್ರ. ಯಾಕೆ? ಗಾಳಿ. ಬಿಸಿಲು ಏರಿದ ಹಾಗೆ ಮೇಲಿನ ಮುಸ್ತಾಂಗ್ ಬಯಲು ಕಾಯುತ್ತದೆ. ಆ ಬಿಸಿ ಕೆಳಗಿನ ಗಾಳಿಯನ್ನು ಕಣಿವೆಯೊಳಗೆ ಎಳೆದುಕೊಳ್ಳುತ್ತದೆ. ಹತ್ತು, ಹನ್ನೊಂದು ಗಂಟೆಯ ಹೊತ್ತಿಗೆ ನಿಂತವರ ಟೋಪಿ ಹಾರಿಹೋಗುವಷ್ಟು ಬೀಸುತ್ತದೆ. ಆಮೇಲೆ ವಿಮಾನ ಇಳಿಯುವ ಮಾತೇ ಇಲ್ಲ.

ಒಮ್ಮೆ ನಮ್ಮ ತಂಡದಲ್ಲಿ ಒಬ್ಬ ರಿಟೈರ್ಡ್ ಗಣಿತದ ಮೇಷ್ಟ್ರು ಇದ್ದರು. ತುಂಬ ಒಳ್ಳೆಯವರು, ಶಿಸ್ತಿನವರು. ಪ್ರವಾಸದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತಾವೇ ಮಾಡಿ, ಲ್ಯಾಮಿನೇಟ್ ಮಾಡಿಸಿ, ಕುತ್ತಿಗೆಗೆ ಹಾಕಿಕೊಂಡಿದ್ದರು. ಬೆಳಗ್ಗೆ 7:30ಕ್ಕೆ ಜೋಮ್ಸೋಮ್ ಬಿಡುವುದು, 8 ಗಂಟೆಗೆ ಪೋಖರಾ, 11ಕ್ಕೆ ಕಠ್ಮಂಡು, ಮಧ್ಯಾಹ್ನ ದಿಲ್ಲಿ, ರಾತ್ರಿ ಬೆಂಗಳೂರು. ಮಾರನೇ ದಿನ ಮೊಮ್ಮಗನ ಉಪನಯನ. "ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ ಸಾರ್" ಅಂತ ನಾನು ಊರಲ್ಲೇ ಹೇಳಿದ್ದೆ. "ಮೇಡಂ, ಎಲ್ಲ ಟಿಕೆಟ್ ಕನ್ಫರ್ಮ್ ಆಗಿದೆ" ಅಂದರು. ಅವರೂ ಅವರ ಮನೆಯವರೂ ಬೇರೆಯಾಗಿ ಮೊದಲೇ ವಾಪಸ್ ಹೊರಡುವುದು ಅಂತ ಆಯಿತು.

ಆ ದಿನ ಆರು ಗಂಟೆಗೇ ನಾವೆಲ್ಲ ಅವರನ್ನು ಕಳಿಸಲು ಹೋದೆವು. ಜೋಮ್ಸೋಮ್ ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ನೀಲಗಿರಿ ಶಿಖರ ಊರಿನ ಮೇಲೇ ಬಿದ್ದುಬಿಡುತ್ತದೇನೋ ಅನ್ನುವಷ್ಟು ಹತ್ತಿರ, ಬೆಳ್ಳಗೆ ನಿಂತಿದೆ. ರನ್‌ವೇ ಪಕ್ಕದಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸಲು ಕಂಬಕ್ಕೆ ಕಟ್ಟಿದ ಗಾಳಿಚೀಲ ಜೋತುಬಿದ್ದಿದೆ. ಮೇಷ್ಟ್ರು ನನ್ನ ಕಡೆ ನೋಡಿ ನಕ್ಕರು. ಏಳೂವರೆ ಆಯಿತು, ವಿಮಾನ ಇಲ್ಲ. ಎಂಟಾಯಿತು, ಇಲ್ಲ. ಕೌಂಟರಿನಲ್ಲಿ ಕೇಳಿದರೆ "ಪೋಖರಾ ವೆದರ್" ಅನ್ನುತ್ತಾರೆ. ಮೇಷ್ಟ್ರಿಗೆ ನಂಬಿಕೆ ಇಲ್ಲ. "ಆಕಾಶ ನೀಲಿ ಇದೆಯಲ್ರೀ, ಏನು ವೆದರ್?" ನೀಲಿ ಇಲ್ಲಿ. ಪೋಖರಾದಲ್ಲಿ ಮೋಡ ಕೆಳಗೆ ಕೂತಿದೆ, ಅಲ್ಲಿಂದ ವಿಮಾನ ಏಳುತ್ತಿಲ್ಲ. ಅಲ್ಲಿಂದ ಬಂದರೆ ತಾನೇ ಇಲ್ಲಿಂದ ಹೋಗುವುದು!

ಒಂಬತ್ತೂವರೆಗೆ ಸೈರನ್ ಕೂಗಿತು. ಪೋಖರಾದಿಂದ ವಿಮಾನ ಹೊರಟಿತು ಅಂತ ಅರ್ಥ. ಮೇಷ್ಟ್ರು ಬ್ಯಾಗು ಎತ್ತಿಕೊಂಡು ಎದ್ದು ನಿಂತರು. ಆಗ ನಾನು ಗಾಳಿಚೀಲ ನೋಡಿದೆ. ಮೊದಲು ಒಂದು ಸಲ ಮಿಸುಕಾಡಿತು. ಆಮೇಲೆ ಅರ್ಧ ಎದ್ದಿತು. ಸ್ವಲ್ಪ ಹೊತ್ತಿಗೆ ಕೋಲಿನಂತೆ ನೆಟ್ಟಗೆ ನಿಂತಿತು, ರಸ್ತೆಯಲ್ಲಿ ಧೂಳು ಎದ್ದಿತು. ವಿಮಾನದ ಸದ್ದು ಕೇಳಿತು, ವಿಮಾನವೂ ಕಂಡಿತು. ತಿರುಗಿತು. ವಾಪಸ್ ಹೋಯಿತು. ಕೌಂಟರಿನವರು ಬಾಗಿಲು ಎಳೆದುಕೊಂಡು ಊಟಕ್ಕೆ ಹೋದರು.

ಮೇಷ್ಟ್ರು ಜೀಪು ಹಿಡಿದರು. ಜೋಮ್ಸೋಮ್‌ನಿಂದ ಪೋಖರಾಕ್ಕೆ ರಸ್ತೆ ಸುಮಾರು 160 ಕಿಲೋಮೀಟರ್. ಕೇಳಲು ಎಷ್ಟು ಅಂತೀರಿ, ಬೆಂಗಳೂರಿನಿಂದ ಮೈಸೂರಿಗಿಂತ ಸ್ವಲ್ಪ ಜಾಸ್ತಿ. ಆ ದಿನ ಅವರು ಪೋಖರಾ ಸೇರಿದ್ದು ನಡುರಾತ್ರಿ. ಘಾಸಾ ದಾಟಿದ ಮೇಲೆ ಬಂಡೆ ಬಿದ್ದು ಜೆಸಿಬಿ ಬರುವವರೆಗೆ ಕಾದರಂತೆ. ಕಠ್ಮಂಡು ವಿಮಾನ ತಪ್ಪಿತು, ದಿಲ್ಲಿಯದ್ದು ತಪ್ಪಿತು, ಉಪನಯನವನ್ನು ವಿಡಿಯೋ ಕಾಲ್‌ನಲ್ಲಿ ನೋಡಿದರು. ಖರ್ಚಾದ ದುಡ್ಡಿನ ಲೆಕ್ಕ ಬಿಡಿ, ಆ ಮನೆಯವರ ಮುಖ ನನಗೆ ಇವತ್ತಿಗೂ ನೆನಪಿದೆ.

ಉಳಿದ ನಾವು ಏನು ಮಾಡಿದೆವು? ನಮ್ಮ ಹತ್ತಿರ ಖಾಲಿ ದಿನ ಇತ್ತು. ಮಾರ್ಫಾ ಅನ್ನುವ ಊರಿಗೆ ಹೋದೆವು. ಸುಣ್ಣ ಬಳಿದ ಬಿಳಿ ಮನೆಗಳು, ಚಪ್ಪಡಿ ಹಾಸಿದ ಕಿರುದಾರಿ, ಸೇಬಿನ ತೋಟ. ಎಂಬತ್ತರ ಒಬ್ಬ ಅಜ್ಜಿ ಬಿಸಿಲಿಗೆ ಬೆನ್ನು ಮಾಡಿ ಕೂತು, ಒಣಗಿಸಿದ ಸೇಬು ತಿನ್ನುತ್ತಾ, ನಮ್ಮನ್ನೆಲ್ಲ ಕೂರಿಸಿಕೊಂಡು ದೇವರನಾಮ ಹಾಡಿದರು. ಮಾರನೇ ದಿನ ಬೆಳಗ್ಗೆ ಏಳಕ್ಕೆಲ್ಲ ವಿಮಾನ ಬಂತು, ಹೊರಟೆವು.

ಅವಸರ ಮಾಡದಿದ್ದರೆ ಆರೋಗ್ಯಕ್ಕೂ ಲಾಭ ಇದೆ. ಬೆಳಗ್ಗೆ 800 ಮೀಟರಿನಲ್ಲಿ ತಿಂಡಿ ತಿಂದು ಮಧ್ಯಾಹ್ನ 3,700 ಮೀಟರಿನಲ್ಲಿ ಮೆಟ್ಟಿಲು ಹತ್ತಿದರೆ ತಲೆ ಸಿಡಿಯುತ್ತದೆ, ಉಸಿರು ಸಿಕ್ಕುವುದಿಲ್ಲ. ಜೋಮ್ಸೋಮ್‌ನಲ್ಲೋ ಕಾಗ್‌ಬೇನಿಯಲ್ಲೋ ಒಂದು ರಾತ್ರಿ ಮಲಗಿ ಮೇಲೆ ಹೋಗಿ. ಮುಕ್ತಿನಾಥದ 108 ಧಾರೆಗಳ ನೀರು ಹಿಮದ ನೀರು. ಬಿಪಿ, ಹೃದಯದ ತೊಂದರೆ ಇರುವವರು ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು, ಪುಣ್ಯ ಏನೂ ಕಡಿಮೆಯಾಗುವುದಿಲ್ಲ.

ನನಗೆ ಕೊಟ್ಟ ಹೊತ್ತಿನಲ್ಲಿ ಜಾಸ್ತಿ ಪಾಲು ಜೋಮ್ಸೋಮ್‌ನಲ್ಲೇ ಕಳೆಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕಠ್ಮಂಡುವಿನಿಂದ ಪೋಖರಾಕ್ಕೆ 200 ಕಿಲೋಮೀಟರ್. ಏಳೆಂಟು ಗಂಟೆ ಹಿಡಿಯುತ್ತದೆ, ರಸ್ತೆ ಕೆಲಸ ಇದ್ದರೆ ಇನ್ನೂ ಜಾಸ್ತಿ. ಟೂರಿಸ್ಟ್ ಬಸ್ಸು ಹೊರಡುವುದು ಬೆಳಗ್ಗೆ ಏಳರ ಹೊತ್ತಿಗೆ. ರಾತ್ರಿ ಪ್ರಯಾಣ ಬೇಡವೇ ಬೇಡ. ದಾರಿಯಲ್ಲಿ ಕುರಿಂತಾರ್ ಹತ್ತಿರ ಮನಕಾಮನಾ ದೇವಿಗೆ ಕೇಬಲ್ ಕಾರ್ ಇದೆ, 1998ರಲ್ಲಿ ಶುರುವಾದದ್ದು. ಬಲಿಗೆ ಹೋಗುವ ಮೇಕೆಗೂ ಅಲ್ಲಿ ಟಿಕೆಟ್ ಉಂಟು, ಹೋಗುವುದಕ್ಕೆ ಮಾತ್ರ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲದಲ್ಲಿ, ಈ ದಾರಿಗಳಲ್ಲಿ ಹೋಗಬೇಡಿ. 2024ರ ಜುಲೈಯಲ್ಲಿ ಸಿಮಲ್‌ತಾಲ್ ಹತ್ತಿರ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಯ ಪಾಲಾದವು.

ರೈಲಿನಲ್ಲಿ ಹೋಗುವವರಿಗೆ ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲಿದೆ. ಅಲ್ಲಿಂದ ಮೂರು ಗಂಟೆ ಬಸ್ಸಿನಲ್ಲಿ ಸೋನೌಲಿ. ಗಡಿಯನ್ನು ನಡೆದೇ ದಾಟಬಹುದು. ಆ ಕಡೆ ಭೈರಹವಾ, ಪಕ್ಕದಲ್ಲೇ ಬುದ್ಧ ಹುಟ್ಟಿದ ಲುಂಬಿನಿ. ಹೋಗುವಾಗ ಈ ದಾರಿ, ಬರುವಾಗ ಕಠ್ಮಂಡುವಿನಿಂದ ವಿಮಾನ, ಹೀಗೆ ಮಾಡಿದರೆ ಒಂದೇ ರಸ್ತೆಯಲ್ಲಿ ಎರಡು ಸಲ ಓಡಾಡುವುದು ತಪ್ಪುತ್ತದೆ. ಖಾಲಿ ದಿನವನ್ನು ಕೊನೆಯಲ್ಲಿ, ಕಠ್ಮಂಡುವಿನಲ್ಲಿ ಇಡಿ. ಮೊದಲಲ್ಲೇ ಇಟ್ಟು ಖರ್ಚು ಮಾಡಬೇಡಿ. ಏನೂ ಅಡ್ಡಿ ಬರದೆ ಆ ದಿನ ಉಳಿದರೆ ಪಶುಪತಿನಾಥನ ದರ್ಶನ ಇನ್ನೊಮ್ಮೆ ಮಾಡಿ. ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕ ಮೂಲದವರು. ಚರ್ಮದ ಬೆಲ್ಟು, ಪರ್ಸು ಹೊರಗೇ ಬಿಡಿ, ಒಳಗೆ ಫೋಟೋ ತೆಗೆಯುವ ಹಾಗಿಲ್ಲ.

ನೇಪಾಳದೊಳಗಿನ ವಿಮಾನ ಟಿಕೆಟ್ ಮಾಡಿಸುವಾಗ "ಇಂಡಿಯನ್ ರೇಟ್" ಕೇಳಿ. ಉಳಿದ ವಿದೇಶಿಯರಿಗಿಂತ ನಮಗೆ ಕಡಿಮೆ. ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ಇಟ್ಟುಕೊಳ್ಳಿ, ಅವರ ಸಮಯ ನಮಗಿಂತ ಅಷ್ಟು ಮುಂದು. ವಾರದ ರಜೆ ಶನಿವಾರ, ಬ್ಯಾಂಕು, ಕಚೇರಿ ಕೆಲಸ ಇದ್ದರೆ ಅವತ್ತು ಹೋಗಬೇಡಿ.

ಯಾವಾಗ ಹೋಗುವುದು ಅಂತ ಕೇಳಿದರೆ, ದಸರಾ ರಜೆಗೆ ಮಾತ್ರ ಬೇಡ. ಅವರಿಗೂ ಆಗ ದಶೈಂ, ವರ್ಷದ ದೊಡ್ಡ ಹಬ್ಬ. ಕಠ್ಮಂಡುವಿನಲ್ಲಿ ಇರುವವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಡುತ್ತಾರೆ, ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ದೀಪಾವಳಿ ಕಳೆಯಲಿ. ನವೆಂಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಬೆಟ್ಟ ಚೆನ್ನಾಗಿ ಕಾಣುತ್ತದೆ, ಚಳಿಯನ್ನು ಒಂದು ಒಳ್ಳೆ ಸ್ವೆಟರಿನಲ್ಲಿ ತಡೆದುಕೊಳ್ಳಬಹುದು. ಟಿಕೆಟ್ ಮಾಡಿಸುವಾಗ ಆ ಒಂದು ದಿನ ಮರೆಯಬೇಡಿ.

ನಮಸ್ಕಾರ.