ಮೊದಲ ಪಂಪ್ ಆ್ಯಕ್ಷನ್ ಕೋವಿ: ಕಂಪನಿ ಹೆಸರು ಕೇಳುವ ಮೊದಲು

(ದೃಶ್ಯ: ಮೇಜಿನ ಮೇಲೆ ಖಾಲಿ ಕೋವಿ. ಚೇಂಬರ್ (ತೋಟೆ ಕೂರುವ ಜಾಗ) ತೆರೆದಿದೆ. ಅಕ್ಕಪಕ್ಕ ತೋಟೆಗಳಿಲ್ಲ.)

ನಮಸ್ಕಾರ, ಉಡುಪಿಯಿಂದ. ಈ ಚಾನೆಲ್‌ಗೆ ಬರುವ ಪ್ರಶ್ನೆಗಳಲ್ಲಿ ಇದು ಯಾವಾಗಲೂ ಇರುತ್ತದೆ: "ಮೊದಲ ಪಂಪ್ ಆ್ಯಕ್ಷನ್ ಶಾಟ್‌ಗನ್, ರೆಮಿಂಗ್ಟನ್ ತಗೊಳ್ಳಲಾ, ಮಾಸ್‌ಬರ್ಗ್ ತಗೊಳ್ಳಲಾ?" ಶಾಟ್‌ಗನ್ ಅಂದರೆ ಒಂದೇ ತೋಟೆಯಿಂದ ಹಲವು ಸಣ್ಣ ಗುಂಡು, ಅಂದರೆ ಚರೆ, ಹಾರಿಸುವ ಕೋವಿ. ಮುಂದಿನ ಹಿಡಿಕೆಯನ್ನು ಹಿಂದೆ ಮುಂದೆ ಎಳೆದು ತೋಟೆ ಬದಲಿಸುವಂಥದ್ದು ಪಂಪ್ ಆ್ಯಕ್ಷನ್. ರೆಮಿಂಗ್ಟನ್, ಮಾಸ್‌ಬರ್ಗ್ ಎರಡೂ ಅಮೆರಿಕದ ಕಂಪನಿಗಳು. ಕೇಳುವವರಲ್ಲಿ ಕಾರ್ಕಳ, ಬೆಳ್ತಂಗಡಿ ಕಡೆಯ ತೋಟದವರಿದ್ದಾರೆ. ಅಮೆರಿಕ, ಕೆನಡಾಕ್ಕೆ ಹೋಗಿ ನೆಲೆಸಿದ ನಮ್ಮೂರಿನವರೂ ಇದ್ದಾರೆ. ಇಬ್ಬರಿಗೂ ಒಂದೇ ಉತ್ತರ ಕೊಟ್ಟರೆ ಒಬ್ಬರ ದುಡ್ಡು ಹಾಳು, ಇಲ್ಲಾ ಒಬ್ಬರ ಮೇಲೆ ಕೇಸು. ಯಾವ ಕೋವಿ ಅನ್ನುವುದಕ್ಕಿಂತ ಮೊದಲು, ಎಲ್ಲಿ ಹೊಡೆಯುತ್ತೀರಿ ಅನ್ನುವುದು ಇತ್ಯರ್ಥ ಆಗಬೇಕು.

ಊರಲ್ಲೇ ಇರುವವರಿಗೆ ನೇರವಾಗಿ ಹೇಳುತ್ತೇನೆ. ಇಲ್ಲಿ ಶಿಕಾರಿಗೆಂದು ಕೋವಿ ಹುಡುಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಬೇಟೆ ಅಪರಾಧ. ರಾತ್ರಿ ಬೆಳಗಾಗುವುದರೊಳಗೆ ಹಂದಿ ಗದ್ದೆಯನ್ನೆಲ್ಲ ಉತ್ತು ಹಾಕಿದ್ದನ್ನು ಕಂಡವರಿಗೆ ಈ ಮಾತು ಕಹಿ. ಆ ನಷ್ಟ ಸಣ್ಣದಲ್ಲ, ಖಂಡಿತ. ಆದರೆ ಕೋವಿಯ ಲೈಸೆನ್ಸ್ ಅಂದರೆ ಹಂದಿ ಹೊಡೆಯುವ ಪರವಾನಗಿ ಅಲ್ಲ. ಬೆಳೆ ಹಾಳು ಮಾಡುವ ಪ್ರಾಣಿಯನ್ನು ಕೊಲ್ಲಲು ಅದೇ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಆದೇಶ ಬೇಕು. ಲೈಸೆನ್ಸ್ ಬೇರೆ, ಆದೇಶ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಕೋರ್ಟು ಅಲೆಯುವುದು ಯಾರಿಗೂ ಬೇಡ.

ಇನ್ನು ಲೈಸೆನ್ಸ್. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿ ನೋಡಿ. ಬೆಳೆ ಕಾಯಲು ಅಂತ ಅದು ಮೊದಲು ಹೇಳುವುದು ನಳಿಗೆಯ ಬಾಯಿಂದ ಮಸಿ (ಮದ್ದಿನ ಪುಡಿ) ತುಂಬುವ ಕೋವಿಯನ್ನು, ಅಂದರೆ ನಮ್ಮ ಕಡೆಯ ಕೇಪಿನ ಕೋವಿಯ ಜಾತಿಯದನ್ನು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಮಾತ್ರ ತೋಟೆಯ ಕೋವಿಯ ಮಾತು. ರಕ್ಷಣೆಗೆ ಅಥವಾ ಕ್ರೀಡೆಗೆ ಅಂತ ಕೇಳುವುದಾದರೆ ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು. ಅಮೆರಿಕದ ವಿಡಿಯೋಗಳಲ್ಲಿ ಕಾಣುವ 18 ಇಂಚಿನ ಕರಿ ಕೋವಿ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಕೊಡಗಿನವರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆಯಲ್ಲಾ ಅಂತ ಕೆಲವರು ಕೇಳುತ್ತಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಹಿಡುವಳಿದಾರರಿಗೆ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನವರಿಗೆ. ಕರಾವಳಿಗೆ ಅದು ಅನ್ವಯ ಆಗುವುದಿಲ್ಲ.

"ಹಾಗಾದರೆ ಬೇಟೆ ಬಿಡಿ, ಕ್ಲೇ ಶೂಟಿಂಗ್‌ಗೆ ಪಂಪ್ ತಗೊಳ್ಳುತ್ತೇನೆ" ಅನ್ನುವವರು ದಯವಿಟ್ಟು ಒಂದು ನಿಮಿಷ ನಿಲ್ಲಿ. ಕ್ಲೇ ಶೂಟಿಂಗ್ ಅಂದರೆ ಗಾಳಿಗೆ ಎಸೆದ ಬಿಲ್ಲೆಯನ್ನು ಹೊಡೆಯುವ ಆಟ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದರು. ಅದು ಕ್ಲೇ ಶೂಟಿಂಗ್. ಟ್ರ್ಯಾಪ್, ಸ್ಕೀಟ್ ಕೂಡ ಅದರ ಬಗೆಗಳೇ. ನಮ್ಮ ದೇಶದ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳು ನಡೆಯುವುದು ಅಂತಾರಾಷ್ಟ್ರೀಯ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ ನಿಯಮದಂತೆ. ಆ ನಿಯಮದಲ್ಲಿ ಪಂಪ್ ಆ್ಯಕ್ಷನ್ ಕೋವಿಗೆ ಜಾಗ ಇಲ್ಲ. ಮೆಡಲ್ ಕನಸಿದ್ದರೆ ಒಂದರ ಮೇಲೊಂದು ನಳಿಗೆ ಇರುವ ಕೋವಿಯನ್ನೇ ನೋಡಿ. ಲಕ್ಷಗಟ್ಟಲೆ ಸುರಿದ ಮೇಲೆ ಈ ವಿಷಯ ಗೊತ್ತಾದರೆ ಏನು ಪ್ರಯೋಜನ?

ಹಾಗಾಗಿ ಇಲ್ಲಿಂದ ಮುಂದಿನದು ಮುಖ್ಯವಾಗಿ ಹೊರದೇಶದಲ್ಲಿರುವ ನಮ್ಮವರಿಗೆ. ಅಮೆರಿಕದ ಕ್ಲಬ್‌ಗಳಲ್ಲಿ ಪಂಪ್ ಹಿಡಿದು ಕ್ಲೇ ಹೊಡೆಯುವವರು ಬೇಕಾದಷ್ಟು ಜನ. ಕ್ರಮಬದ್ಧ ಬೇಟೆಯ ಸೀಸನ್‌ಗಳೂ ಅಲ್ಲಿವೆ.

(ದೃಶ್ಯ: ಮುಂದಿನ ಹಿಡಿಕೆಯ ಮೇಲೆ ಎಡಗೈ, ಹತ್ತಿರದಿಂದ.)

ಈ ಕೈ ನೋಡಿ. ಹಿಡಿಕೆ ಹಿಂದಕ್ಕೆ ಎಳೆದಾಗ ಖಾಲಿ ತೋಟೆ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿದಾಗ ಕೆಳಗಿನ ಕೊಳವೆಯಿಂದ ಮೇಲೆ ಬಂದ ಹೊಸ ತೋಟೆ ಚೇಂಬರಿಗೆ ಹೋಗಿ ಕೂರುತ್ತದೆ, ಬೋಲ್ಟ್ ಲಾಕ್ ಆಗುತ್ತದೆ. ಹೊಸಬರು ಅಂಜುತ್ತಾ ಅರ್ಧ ಎಳೆಯುತ್ತಾರೆ. ಖಾಲಿ ತೋಟೆ ಪೂರ್ತಿ ಹೊರಬರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕೋವಿಯೇ ಸರಿ ಇಲ್ಲ ಅನ್ನುತ್ತಾರೆ. ಕೊನೆಯವರೆಗೆ ಎಳೆಯಿರಿ, ಕೊನೆಯವರೆಗೆ ತಳ್ಳಿ, ಗಟ್ಟಿಯಾಗಿ.

ರೆಮಿಂಗ್ಟನ್ 870 ಮಾರುಕಟ್ಟೆಗೆ ಬಂದದ್ದು 1950ರ ಸುಮಾರಿಗೆ. ಮಾಸ್‌ಬರ್ಗ್ 500 ಅದಾದ ಸುಮಾರು ಹತ್ತು ವರ್ಷಕ್ಕೆ. ಎರಡೂ ಒಂದು ಕೋಟಿ ದಾಟಿ ತಯಾರಾಗಿವೆ. ಯಾವುದನ್ನು ತಗೊಂಡರೂ ಬಿಡಿಭಾಗಕ್ಕೆ ಅಲ್ಲಿ ಪರದಾಡಬೇಕಿಲ್ಲ. ವ್ಯತ್ಯಾಸ ಕೈಗೆ ಗೊತ್ತಾಗುವಂಥದ್ದು. 870ರ ಮೈ ಉಕ್ಕಿನದು, ಸೇಫ್ಟಿ ಗುಂಡಿ ಟ್ರಿಗರ್‌ನ ಹಿಂದೆ ಅಡ್ಡಕ್ಕಿದೆ. 500ರ ಮೈ ಅಲ್ಯೂಮಿನಿಯಂ, ಸೇಫ್ಟಿ ಮೇಲ್ಗಡೆ ಹೆಬ್ಬೆರಳಿಗೆ ಸಿಗುತ್ತದೆ. ಎಡಗೈಯವರಿಗೆ ನಾನು ಕಣ್ಣು ಮುಚ್ಚಿ 500 ಅನ್ನುತ್ತೇನೆ. ಉಳಿದವರು ಎರಡನ್ನೂ ಎತ್ತಿ ನೋಡಿ.

ಎತ್ತಿ ನೋಡುವುದು ಅಂದೆನಲ್ಲ, ನನ್ನ ಪ್ರಕಾರ ಎಲ್ಲದಕ್ಕಿಂತ ಮುಖ್ಯ ಅದೇ. ರೈಫಲ್‌ನಲ್ಲಿ ಗುರಿ ಇಟ್ಟು ಹೊಡೆಯುತ್ತೇವೆ. ಶಾಟ್‌ಗನ್‌ನಲ್ಲಿ ಕಣ್ಣು ಇರುವುದು ಹಾರುವ ಬಿಲ್ಲೆಯ ಮೇಲೆ, ಕೋವಿ ತಾನಾಗಿ ಕಣ್ಣಿನ ದಾರಿಗೆ ಬರಬೇಕು. ಅಂಗಡಿಯವರ ಒಪ್ಪಿಗೆ ಕೇಳಿ, ಕೋವಿ ಖಾಲಿ ಇದೆ ಅಂತ ನೀವೇ ನೋಡಿ, ಬೆರಳು ಹಾಕಿ ಚೇಂಬರ್ ಮುಟ್ಟಿ. ಯಾರೂ ಇಲ್ಲದ ಕಡೆಗೆ ನಳಿಗೆ ತಿರುಗಿಸಿ. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ, ಕೆನ್ನೆಗೆ ತನ್ನಿ. ಈಗ ಕಣ್ಣು ಬಿಡಿ. ನಳಿಗೆಯ ಮೇಲಿನ ಪಟ್ಟಿ ನೇರ ಇದೆಯಾ, ತುದಿಯ ಮಣಿ ನಡುವೆ ಕೂತಿದೆಯಾ? ಕುತ್ತಿಗೆ ಉದ್ದ ಮಾಡಬೇಕಾಗಿ ಬಂದರೆ, ಮಣಿ ಪಕ್ಕಕ್ಕೆ ಕಂಡರೆ ಆ ಹಿಡಿ (ಭುಜಕ್ಕೆ ಒತ್ತುವ ಹಿಂಭಾಗ) ನಿಮ್ಮ ಅಳತೆಯದಲ್ಲ. ಟ್ರಿಗರ್‌ನಿಂದ ಹಿಡಿಯ ಹಿಂಬದಿಗೆ ಸಾಮಾನ್ಯವಾಗಿ 14 ಇಂಚು ಇರುತ್ತದೆ. ಸಣ್ಣ ಮೈಕಟ್ಟಿನವರಿಗೆ ಅದು ಜಾಸ್ತಿ, ಬಟ್ಟೆಗೆ ತಾಗಿ ಸಿಕ್ಕುತ್ತದೆ. ಗಿಡ್ಡ ಹಿಡಿಯ ಮಾಡೆಲ್‌ಗಳಿವೆ, ಕೇಳಲು ನಾಚಿಕೆ ಬೇಡ.

ಬೋರ್, ಅಂದರೆ ನಳಿಗೆಯ ಒಳಅಗಲದ ಅಳತೆ, ಅದರ ವಿಷಯ ಬೇಗ ಮುಗಿಸುತ್ತೇನೆ. ಮೊದಲ ಕೋವಿಗೆ 12 ಬೋರ್. ತೋಟೆ ಎಲ್ಲೆಡೆ ಸಿಗುತ್ತದೆ, ಹಗುರದಿಂದ ಭಾರದವರೆಗೆ ಆಯ್ಕೆ ಇದೆ. ಒದೆತಕ್ಕೆ ಹೆದರಿ ತೀರಾ ಹಗುರದ ಕೋವಿ ತಗೊಳ್ಳಬೇಡಿ, ಹಗುರ ಇದ್ದಷ್ಟೂ ಒದೆತ ಜಾಸ್ತಿ. ಕೋವಿ ಬದಲು ತೋಟೆ ಹಗುರದ್ದು ತಗೊಳ್ಳಿ. ಒಲಿಂಪಿಕ್ಸ್‌ನಲ್ಲೇ ತೋಟೆಗೆ 24 ಗ್ರಾಂ ಚರೆಯ ಮಿತಿ ಇದೆ. ಕ್ಲೇ ಬಿಲ್ಲೆ ಒಡೆಯಲು ಅಷ್ಟು ಧಾರಾಳ ಸಾಕು. ಚೇಂಬರ್ 3 ಇಂಚಿನದಾಗಿರಲಿ, 2¾ ಇಂಚಿನ ತೋಟೆಯೂ ಅದರಲ್ಲಿ ನಡೆಯುತ್ತದೆ. ನಳಿಗೆ 28 ಇಂಚು, ಬಾಯಿಯ ಚೋಕ್ (ಚರೆ ಎಷ್ಟು ಹರಡಬೇಕು ಅಂತ ಹಿಡಿತದಲ್ಲಿಡುವ ತುಂಡು) ಬಿಚ್ಚಿ ಬದಲಿಸುವಂತಿರಬೇಕು. ಹತ್ತಿರದ ಬಿಲ್ಲೆಗೆ ಚರೆ ಬೇಗ ಹರಡುವ ಚೋಕ್, ದೂರದ್ದಕ್ಕೆ ಬಿಗಿ ಚೋಕ್. ಒಂದೇ ಕೋವಿಯಲ್ಲಿ ಕ್ಲೇ ಮತ್ತು ಬೇಟೆ ಎರಡೂ ಆಗುವುದು ಇದರಿಂದಲೇ.

ಬಾತುಕೋಳಿ ಬೇಟೆಗೆ ಹೋಗುವವರು ಗಮನಿಸಿ. ಅಮೆರಿಕದಲ್ಲಿ 1991ರಿಂದ ಅದಕ್ಕೆ ಸೀಸದ ಚರೆ ನಿಷೇಧ. ನೀರಿಗೆ ಬಿದ್ದ ಸೀಸ ತಿಂದು ಹಕ್ಕಿಗಳು ಸಾಯುತ್ತವೆ. ಬದಲಿಗೆ ಸಾಮಾನ್ಯವಾಗಿ ಬಳಸುವುದು ಉಕ್ಕಿನ ಚರೆ, ಆದರೆ ಬಿಗಿ ಚೋಕ್‌ನಲ್ಲಿ ಅದು ನಳಿಗೆಗೆ ಕೆಡುಕು. ಚೋಕ್ ಮೇಲೆ ಏನು ಬರೆದಿದೆ ಓದಿ. ವಲಸೆ ಹಕ್ಕಿಗಳಿಗೆ ಕೋವಿಯಲ್ಲಿ ಒಟ್ಟು ಮೂರೇ ತೋಟೆ, ಕೊಳವೆಯೊಳಗೆ ಕಡ್ಡಿ ಹಾಕಿ ಉಳಿದ ಜಾಗ ಮುಚ್ಚಿರಬೇಕು. ಆಸ್ಟ್ರೇಲಿಯಾದಲ್ಲಿರುವವರು ಪಂಪ್‌ನ ಆಸೆ ಬಿಡುವುದೇ ಒಳ್ಳೆಯದು. 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಅಲ್ಲಿ ಅದರ ಲೈಸೆನ್ಸ್ ಬಲು ಬಿಗಿ. ಅಲ್ಲಿ ಜೋಡು ನಳಿಗೆಯದೇ ಸರಿ.