ಮೇಷ್ಟ್ರ ಟ್ರಂಕಿನಲ್ಲಿ ಸಿಕ್ಕಿದ ಒಂದು ಉತ್ತರ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಮೇಷ್ಟ್ರು ತೀರ್ಕೊಂಡು ಒಂದು ವರ್ಷ ಆಯ್ತು. ಬಿ.ಎಡ್ ಓದೋವಾಗ ನಮಗೆ ಶೈಕ್ಷಣಿಕ ಮನೋವಿಜ್ಞಾನ ಹೇಳ್ಕೊಟ್ಟವ್ರು. ಹೋದ ತಿಂಗಳು ಸರಸ್ವತಿಪುರಂನ ಅವ್ರ ಮನೆಯಿಂದ ಅಮ್ಮ, ಅಂದ್ರೆ ಮೇಷ್ಟ್ರ ಹೆಂಡತಿ, ಫೋನ್ ಮಾಡಿ, "ನೋಡಪ್ಪ, ರದ್ದಿಯವ್ನು ಎರಡು ಸಲ ಬಂದು ಹೋದ, ಇದ್ರಲ್ಲಿ ಏನು ಇಟ್ಕೋಬೇಕು ಏನು ಕೊಡ್ಬೇಕು ಅಂತ ನಂಗೆ ತಿಳೀತಿಲ್ಲ, ಒಂದ್ಸಲ ಬಂದು ಹೋಗು" ಅಂದ್ರು. ಹೋದೆ. ಅಟ್ಟದ ಮೇಲೆ ನಾಲ್ಕು ತಗಡಿನ ಟ್ರಂಕು, ಒಂದು ಬೀರು ತುಂಬ ಕಾಗದ.

ಮೊದಲನೇ ದಿನ ನಾನೊಂದು ತಪ್ಪು ಮಾಡಿದೆ. ಮೊದಲನೇ ಟ್ರಂಕಿನ ಕಾಗದ ಎಲ್ಲ ಕೆಳಗೆ ಸುರಿದು, ಪತ್ರ ಒಂದು ಕಡೆ, ಪಾಠದ ನೋಟ್ಸ್ ಒಂದು ಕಡೆ, ಪ್ರಶ್ನೆಪತ್ರಿಕೆ ಒಂದು ಕಡೆ ಅಂತ ಬೇರೆ ಮಾಡೋಕೆ ಶುರು ಮಾಡ್ಬಿಟ್ಟೆ. ಲೈಬ್ರರಿಯಲ್ಲಿ ಕೆಲಸ ಮಾಡೋ ಸ್ನೇಹಿತರೊಬ್ರು ಬೈದ್ರು, ಹಾಗೆ ಮಾಡ್ಬೇಡ್ರಿ, ಅವ್ರು ಹೇಗೆ ಕಟ್ಟಿಟ್ಟಿದ್ರೋ ಹಾಗೇ ಇರ್ಲಿ, ಯಾವ ಕಾಗದದ ಪಕ್ಕ ಯಾವುದಿತ್ತು ಅನ್ನೋದೂ ಮುಖ್ಯ ಅಂತ. ಅದಕ್ಕೆ ಉಳಿದ ಮೂರು ಟ್ರಂಕು ಕಟ್ಟು ಕಟ್ಟಾಗೇ ಬಿಚ್ಚಿದ್ವಿ, ತುಕ್ಕು ಹಿಡಿದ ಗುಂಡುಪಿನ್ನು ಮಾತ್ರ ಹುಷಾರಾಗಿ ತೆಗೆದು, ಪ್ರತಿ ಕಟ್ಟಿಗೂ ನಂಬರ್ ಹಾಕಿ.

ಎರಡನೇ ಟ್ರಂಕಿನಲ್ಲಿ ಒಂದು ಸ್ಟಾಪ್‌ವಾಚು, ಬಣ್ಣದ ಮರದ ತುಂಡುಗಳಿದ್ದ ಒಂದು ಡಬ್ಬಿ, ಅದರ ಕೆಳಗೆ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆಯ ಹಾಳೆಗಳು. ಈ ಥರ ಪರೀಕ್ಷೆ ಶುರುವಾಗಿದ್ದು 1905ರಲ್ಲಿ ಪ್ಯಾರಿಸ್‌ನಲ್ಲಿ, ಆಲ್ಫ್ರೆಡ್ ಬಿನೆ ಮತ್ತು ಸಿಮೊನ್ ಅವ್ರು ಮಾಡಿದ್ದು. ಯಾವ ಮಗು ದಡ್ಡ ಅಂತ ಹಣೆಪಟ್ಟಿ ಕಟ್ಟೋಕಲ್ಲ, ಸ್ಕೂಲಲ್ಲಿ ಯಾವ ಮಗುವಿಗೆ ಜಾಸ್ತಿ ಸಹಾಯ ಬೇಕು ಅಂತ ತಿಳ್ಕೊಳ್ಳೋಕೆ. ಧಾರವಾಡದಲ್ಲಿ ವಿ.ವಿ. ಕಾಮತ್ ಅವ್ರು ಅದನ್ನ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ರು. ನಮ್ಮ ಮೈಸೂರಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಶುರುವಾದಾಗ ಅದನ್ನ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವ್ರು ಲಂಡನ್ನಲ್ಲಿ ಬುದ್ಧಿಶಕ್ತಿಯ ಅಧ್ಯಯನಕ್ಕೆ ಹೆಸರಾದ ಮನೋವಿಜ್ಞಾನಿ ಸ್ಪಿಯರ್‌ಮನ್ ಹತ್ರ ಕಲಿತು ಬಂದವ್ರು, ಇಲ್ಲಿಯ ಮಕ್ಕಳಿಗೆ ಹೊಂದೋ ಹಾಗೆ ಪರೀಕ್ಷೆಗಳನ್ನ ಮಾರ್ಪಾಡು ಮಾಡಿದ್ರು. 1935ರಲ್ಲಿ ತಮ್ಮ ವಿಠಲ ವಿಹಾರ ಮನೆಯಿಂದ ರೇಡಿಯೋ ಶುರು ಮಾಡಿದ್ದೂ ಅವ್ರೇ, ಈಗ ನೀವು ಕೇಳ್ತಿರೋ ಆಕಾಶವಾಣಿ ಅನ್ನೋ ಹೆಸರು ಆ ಮನೆಯಿಂದ ಬಂದಿದ್ದು. ಮನೋವಿಜ್ಞಾನದ ಮೇಷ್ಟ್ರೊಬ್ರು ರೇಡಿಯೋ ಕಟ್ಟಿದ ಊರಿದು, ಇಲ್ಲಿ ಕೂತು ಇನ್ನೊಬ್ಬ ಮೇಷ್ಟ್ರ ಬಗ್ಗೆ ಮಾತಾಡೋಕೆ ನಂಗೆ ತುಂಬ ಖುಷಿ ಆಗ್ತಿದೆ.

ನಮ್ಮ ಮೇಷ್ಟ್ರು ಮೊದಲು ಮಂಡ್ಯ ಕಡೆ ಹೈಸ್ಕೂಲಲ್ಲಿ ಪಾಠ ಮಾಡ್ತಿದ್ರು, ಆಮೇಲೆ ಎಂ.ಎಡ್, ಪಿಎಚ್‌ಡಿ, ಕಾಲೇಜು. ಆ ಕಾಲದ ಒಂದು ಹಾಳೆ ಹೇಳ್ತೀನಿ. ಪ್ರಶ್ನೆ, "ಮನೆಯಿಂದ ಹೊರಟಾಗ ಮಳೆ ಬಂದ್ರೆ ಏನ್ ಮಾಡ್ತೀಯಾ?" ಕೊಡೆ ತಗೊತೀನಿ ಅಂದ್ರೆ ಮಾರ್ಕ್ಸು. ಒಂಬತ್ತು ವರ್ಷದ ಹುಡುಗನೊಬ್ಬ ಹೇಳಿದ್ದನ್ನ ಮೇಷ್ಟ್ರು ಅವನ ಮಾತಲ್ಲೇ ಬರ್ಕೊಂಡಿದ್ದಾರೆ, "ವಾಪಸ್ ಓಡೋಗಿ ಕಣದಲ್ಲಿರೋ ರಾಗಿ ಒಳೀಕ್ ಆಕ್ತೀನಿ ಸಾ." ಪಕ್ಕದಲ್ಲಿ ಸೊನ್ನೆ. ಆ ಸೊನ್ನೆಯ ಮೇಲೆ ಕೆಂಪು ಇಂಕಲ್ಲಿ ಗೀಟು ಎಳೆದು ಕೆಳಗೆ, "ಇದ್ರಲ್ಲಿ ತಪ್ಪೇನಿದೆ?" ಅಂತ.

ಅದೇ ಕಟ್ಟಿನಲ್ಲಿ ಅದರ ಹಿಂದೇನೇ ಅವ್ರು ಹೊಸದಾಗಿ ಬರೆದ ಪ್ರಶ್ನೆಗಳ ಪಟ್ಟಿ ಇತ್ತು, ಹೊಡೆದು ಹಾಕಿ, ತಿದ್ದಿ, ಮತ್ತೆ ಬರೆದು, ಒಟ್ಟು ಏಳು ಸಲ. ಕೊಡೆ ಹೋಗಿದೆ, ನಾಲೆ ನೀರು, ಸಂತೆ, ಕರು ತಪ್ಪಿಸ್ಕೊಂಡಿದ್ದು ಎಲ್ಲ ಬಂದಿದೆ. ನಾನು ಮೊದಲನೇ ದಿನದ ಹಾಗೇ ಗುಡ್ಡೆ ಹಾಕಿದ್ರೆ ಹುಡುಗನ ಉತ್ತರ ಒಂದು ಕಡೆ, ಈ ಪಟ್ಟಿ ಇನ್ನೊಂದು ಕಡೆ ಹೋಗಿ, ಅವ್ರು ಯಾಕೆ ಬದಲಾದ್ರು ಅನ್ನೋದೇ ಗೊತ್ತಾಗ್ತಿರಲಿಲ್ಲ. ಅವ್ರ ಅಚ್ಚಾದ ಲೇಖನಗಳಲ್ಲಿ ಆ ಹುಡುಗ ಎಲ್ಲೂ ಇಲ್ಲ.

ಹಾಳೆಗಳಲ್ಲಿ ಮಕ್ಕಳ ಹೆಸರು, ಅಪ್ಪನ ಹೆಸರು, ಊರು, ಅಂಕ ಎಲ್ಲ ಇದೆ. ಅವ್ರೆಲ್ಲ ಈಗ ಅಜ್ಜ ಅಜ್ಜಿ ಆಗಿರ್ತಾರೆ, ಚಿಕ್ಕಂದಿನ ಅಂಕ ಯಾರೋ ಓದೋದು ಸರಿಯಲ್ಲ, ಅದಕ್ಕೆ ಆ ಕಟ್ಟುಗಳನ್ನ ಬೇರೆ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ್ದೀವಿ, ಹೆಸರು ಮುಚ್ಚಿದ ಪ್ರತಿ ಮಾತ್ರ ಬೇರೆಯವ್ರಿಗೆ ತೋರ್ಸೋದು ಅಂತ ಅಮ್ಮ ತೀರ್ಮಾನ ಮಾಡಿದ್ರು. ರದ್ದಿಯವ್ನಿಗೆ ಹಳೇ ಪೇಪರ್ ಅಷ್ಟೇ ಹೋಯ್ತು. ಬೀರು ಇನ್ನೂ ತೆಗೆದಿಲ್ಲ, ಈ ಭಾನುವಾರ ಬೆಳಗ್ಗೆ ಹೋಗ್ತೀನಿ.